ಕಿಲ್ಲಾ, ಸ್ಪೈಕಾ? ಎರಡನ್ನೂ ಆಡಿ ನೋಡಿದೆ

ಸರಸ್ವತಿಪುರಂನಲ್ಲಿ ನಾನು ಹೋಗುವ ಗೇಮಿಂಗ್ ಸೆಂಟರ್‌ನಲ್ಲಿ ಮ್ಯಾಚ್ ಮುಗಿದ ತಕ್ಷಣ ಎಲ್ಲರ ಕಣ್ಣು ಸ್ಕೋರ್‌ಬೋರ್ಡಿನ ಮೇಲಿನ ಸಾಲಿಗೆ ಹೋಗುತ್ತದೆ. ಸೋತಿದ್ದರೂ "ಮಗಾ, 28 ಕಿಲ್ ನಂದು" ಅಂತ ಫೋಟೋ ತೆಗೆದುಕೊಳ್ಳುವವರಿದ್ದಾರೆ. ನನ್ನ ಫೋನಿನಲ್ಲೂ ಅಂಥ ಫೋಟೋ ತುಂಬಾ ಇವೆ. ಆದರೆ ರ‍್ಯಾಂಕ್ ಮಾತ್ರ ಸಿಲ್ವರ್ ಅನ್ನುವ ಕೆಳಗಿನ ಹಂತ ಬಿಟ್ಟು ಅಲ್ಲಾಡಲಿಲ್ಲ. ಯಾಕೆ ಅಂತ ಸರಿಯಾಗಿ ತಿಳಿದುಕೊಳ್ಳಲೇಬೇಕು ಅನ್ನಿಸಿತು.

ಆಟ ವ್ಯಾಲೊರಂಟ್. ಆಡದವರಿಗೆ ಎರಡು ಮಾತು. ಈ ಕಡೆ 5 ಜನ, ಆ ಕಡೆ 5 ಜನ. ಒಂದು ತಂಡ ಸ್ಪೈಕ್ ಅನ್ನುವ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ರೌಂಡಿಗೆ 100 ಸೆಕೆಂಡ್. 12 ರೌಂಡ್ ಆದ ಮೇಲೆ ಪಾಳಿ ಬದಲು. ಮೊದಲು 13 ರೌಂಡ್ ಗೆದ್ದವರದ್ದು ಮ್ಯಾಚ್.

20 ಮ್ಯಾಚ್ ಬರೀ ಕಿಲ್ ಹುಡುಕಿಕೊಂಡು ಆಡಿದೆ, 20 ಮ್ಯಾಚ್ ಬರೀ ಸ್ಪೈಕ್ ನೋಡಿಕೊಂಡು ಆಡಿದೆ. ಟೀಮ್ ಎರಡೂ ಸಲ ಅದೇ: ಮೈಸೂರಿನಲ್ಲಿ ನಾವು ನಾಲ್ಕು ಜನ, ಮಂಡ್ಯದ ಮನೆಯಿಂದ ನಮ್ಮ ಅತ್ತೆ ಮಗ.

ಕಿಲ್ ಆಟಕ್ಕೆ ರೇನಾ ಅನ್ನುವ ಪಾತ್ರವನ್ನು ತೆಗೆದುಕೊಂಡೆ. ಅವಳು ಅದಕ್ಕೇ ಹುಟ್ಟಿದವಳು. ಅವಳು ಹೊಡೆದ ಎದುರಾಳಿ ಬಿದ್ದ ಜಾಗದಲ್ಲಿ ಒಂದು ಗೋಳ ಉಳಿಯುತ್ತದೆ. ಅದನ್ನು ಹೀರಿ ಆರೋಗ್ಯ ತುಂಬಿಸಿಕೊಳ್ಳಬಹುದು, ಇಲ್ಲವೇ ಪೆಟ್ಟು ತಾಗದಂತೆ ಜಾರಿಕೊಳ್ಳಬಹುದು. ಗೋಳ ಇಲ್ಲದಿದ್ದರೆ ಎರಡೂ ಇಲ್ಲ. ಜೊತೆಗೆ ಪ್ರತಿ ಕಿಲ್‌ಗೆ 200 ಕ್ರೆಡಿಟ್ ಬರುತ್ತದೆ, ಮುಂದಿನ ರೌಂಡಿಗೆ ಗನ್ ಕೊಳ್ಳಲು ಆಗುತ್ತದೆ. ಈ 20 ಮ್ಯಾಚಿನಲ್ಲಿ ನನ್ನ ಗುರಿ ನಿಜಕ್ಕೂ ಚುರುಕಾಯಿತು. ಮೂಲೆ ದಾಟುವಾಗ ಮೌಸ್ ತಲೆಯ ಎತ್ತರದಲ್ಲೇ ಇರುವುದು ಕೈಗೆ ಬಂತು. ಅದು ಸಣ್ಣ ಲಾಭವಲ್ಲ.

ಆದರೆ ಗೆದ್ದಿದ್ದು 8. ಆ 12 ಸೋಲಿನಲ್ಲಿ ಒಂದು ಮಾತ್ರ ಇನ್ನೂ ಹೊಟ್ಟೆಯಲ್ಲಿ ಕುಟುಕುತ್ತದೆ.

ಅಸೆಂಟ್ ಮ್ಯಾಪ್. ನಾವು 12, ಅವರು 11. ಬಿ ಸೈಟಿನಲ್ಲಿ, ಅಂದರೆ ಸ್ಪೈಕ್ ಇಡಲು ಗೊತ್ತುಮಾಡಿದ ಜಾಗಗಳಲ್ಲಿ ಒಂದರಲ್ಲಿ, ನಾವು ಸ್ಪೈಕ್ ಇಟ್ಟಾಗಿದೆ. ಈ ಕಡೆ ನಾನು ಮತ್ತು ನಮ್ಮ ಅತ್ತೆ ಮಗ, ಆ ಕಡೆ ಒಬ್ಬನೇ. ಇಟ್ಟ ಸ್ಪೈಕ್ 45 ಸೆಕೆಂಡಿಗೆ ಸಿಡಿಯುತ್ತದೆ. ಡಿಫ್ಯೂಸ್ ಮಾಡಲು, ಅಂದರೆ ಸಿಡಿಯದಂತೆ ಮಾಡಲು, 7 ಸೆಕೆಂಡ್ ಬೇಕು. ಆದರೆ ಅರ್ಧ ಮುಗಿಸಿ ಬಿಟ್ಟರೆ ಆ ಅರ್ಧ ಹಾಗೇ ಉಳಿಯುತ್ತದೆ, ಮತ್ತೆ ಬಂದಾಗ 3.5 ಸೆಕೆಂಡ್ ಸಾಕು. ಅವನು ಅರ್ಧ ಮಾಡಿದ್ದ. ನಾನು ಗುಂಡು ಹಾರಿಸಿದೆ, ಬಿಟ್ಟು ಪಕ್ಕದ ಮಾರ್ಕೆಟ್ ಅನ್ನುವ ಜಾಗದ ಕಡೆ ಓಡಿದ. ನಾವು ಇದ್ದಲ್ಲೇ ಇದ್ದು ಸ್ಪೈಕ್ ಕಡೆ ಕಣ್ಣಿಟ್ಟಿದ್ದರೆ ಸಾಕಿತ್ತು. ಗಡಿಯಾರ ನಮ್ಮ ಪರವಾಗಿಯೇ ಓಡುತ್ತಿತ್ತು. ನಾನು "ಒಬ್ಬನೇ, ಪೆಟ್ಟು ಬಿದ್ದಿದೆ, ಬಾ ಬಾ" ಅಂತ ಕೂಗಿ ಬೆನ್ನಟ್ಟಿದೆ. ಅತ್ತೆ ಮಗನೂ ಬಂದ. ಮಾರ್ಕೆಟ್ ಖಾಲಿ. ಅವನು ಬೇರೆ ಬದಿಯಿಂದ ಸುತ್ತಿ ವಾಪಸ್ ಹೋಗಿದ್ದ. ಡಿಫ್ಯೂಸ್ ಸದ್ದು ಕೇಳಿಸಿತು, ತಿರುಗಿ ಓಡಿದೆವು, ಸೈಟ್ ಕಾಣುವಷ್ಟರಲ್ಲಿ ಸದ್ದು ನಿಂತಿತು. ಹೆಡ್‌ಫೋನಿನಲ್ಲಿ ಮಂಡ್ಯದ ಧ್ವನಿ: "ಸ್ಪೈಕ್ ಬುಟ್ಟು ಅದೆಲ್ಲಿಗ್ಲಾ ಓಡ್ಸ್ಕೊಂಡು ಹೋಗಿದ್ದು?"

12-12 ಆಯಿತು. ಅಲ್ಲಿಂದ ಎರಡು ರೌಂಡ್ ಮುಂದಿರಬೇಕು. 12-14ಕ್ಕೆ ಸೋತೆವು. ಸ್ಕೋರ್‌ಬೋರ್ಡಿನಲ್ಲಿ ಮೇಲಿನ ಹೆಸರು ನನ್ನದೇ.

ಆ ಮೇಲಿನ ಸಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಸರುಗಳು ಸಾಲಾಗಿ ನಿಲ್ಲುವುದು ಕಾಂಬ್ಯಾಟ್ ಸ್ಕೋರಿನ ಮೇಲೆ. ಎದುರಿಗೆ ಕೊಟ್ಟ ಪೆಟ್ಟು, ಕಿಲ್, ಒಂದೇ ರೌಂಡಿನಲ್ಲಿ ಹೆಚ್ಚು ಕಿಲ್, ಇವೇ ಅದರ ಬಹುಪಾಲು. ಎದುರಾಳಿ ಐವರೂ ಬದುಕಿದ್ದಾಗ ಹೊಡೆದ ಮೊದಲ ಕಿಲ್‌ಗೆ 150 ಅಂಕ, ಕೊನೆಯವನನ್ನು ಹೊಡೆದರೆ 70. ಅಂದರೆ ನಾನು ಆ ಮ್ಯಾಚ್ ಕಳೆದುಕೊಂಡಿದ್ದು ಎಲ್ಲಕ್ಕಿಂತ ಅಗ್ಗದ ಕಿಲ್ ಹಿಂದೆ ಓಡಿ. ಸ್ಪೈಕ್ ಇಟ್ಟವನಿಗೆ ಆ ಲೆಕ್ಕದಲ್ಲಿ ಏನೂ ಇಲ್ಲ. ಅದಕ್ಕೇ ಅವನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ರ‍್ಯಾಂಕ್ ಏರುವುದು ಮಾತ್ರ ಮ್ಯಾಚ್ ಗೆದ್ದರೆ.

ಎರಡನೇ 20ಕ್ಕೆ ಬ್ರಿಮ್‌ಸ್ಟೋನ್ ಅನ್ನುವ ಪಾತ್ರ. ಮೂರು ಹೊಗೆ, ಒಂದು ಬೆಂಕಿ. ಇವಕ್ಕೆ ಯಾರನ್ನೂ ಹೊಡೆಯಬೇಕಿಲ್ಲ, ಎಲ್ಲಿ ಯಾವಾಗ ಹಾಕಬೇಕು ಅನ್ನೋದು ಗೊತ್ತಿದ್ದರೆ ಸಾಕು. ಸ್ಪೈಕ್ ಇಡಲು 4 ಸೆಕೆಂಡ್ ಬೇಕು. ಅಷ್ಟು ಹೊತ್ತು ಗನ್ ಕೈಯಲ್ಲಿ ಇರಲ್ಲ, ಅಲ್ಲಾಡುವ ಹಾಗಿಲ್ಲ. ಆ 4 ಸೆಕೆಂಡನ್ನು ಹೊಗೆ ಕೊಂಡುಕೊಡುತ್ತದೆ. ಇಟ್ಟಾದ ಮೇಲೆ ಆಟದ ತೂಕವೇ ಬದಲಾಗುತ್ತದೆ. ಇಡುವ ಮುಂಚೆ ನಮ್ಮ ಐವರೂ ಬಿದ್ದರೆ ರೌಂಡ್ ಹೋಯಿತು. ಇಟ್ಟ ಮೇಲೆ ಐವರೂ ಬಿದ್ದರೂ ಅವರು ಬಂದು ಡಿಫ್ಯೂಸ್ ಮಾಡಲೇಬೇಕು. ಅಲ್ಲಿವರೆಗೆ ನಾವು ಅವರನ್ನು ಹುಡುಕುತ್ತಿದ್ದೆವು, ಈಗ ಅವರೇ ನಮ್ಮ ಹತ್ತಿರ ಬರಬೇಕು. ನನಗೆ ಈ ಆಟದಲ್ಲಿ ಇದಕ್ಕಿಂತ ಇಷ್ಟವಾದ ಕ್ಷಣ ಇನ್ನೊಂದಿಲ್ಲ.

ಹೀಗೆ ಗೆದ್ದಿದ್ದು 13. ಕಿಲ್ ಸುಮಾರು ಅರ್ಧಕ್ಕೆ ಇಳಿಯಿತು.

ಇದರಲ್ಲೂ ತೊಡಕಿದೆ. ಎಲ್ಲರೂ ಸ್ಪೈಕ್ ಸ್ಪೈಕ್ ಅಂತ ಹಿಂದೆ ನಿಂತರೆ ಸೈಟಿಗೆ ಮೊದಲು ನುಗ್ಗುವವರು ಯಾರು? ಎರಡು ಮ್ಯಾಚಿನಲ್ಲಿ ಹಾಗೇ ಆಯಿತು. ಹೊಗೆ ಹಾಕಿದ್ದೇ ಬಂತು, ಒಬ್ಬರೂ ಕಾಲಿಡಲಿಲ್ಲ, 100 ಸೆಕೆಂಡ್ ಸುಮ್ನೆ ಕರಗಿಹೋಯಿತು. ಕೊನೆಕೊನೆಗೆ ನನ್ನ ಗುರಿಯೂ ಮಂಕಾಗಿತ್ತು. ರೌಂಡಿನ ಶುರುವಿನಲ್ಲಿ ಒಬ್ಬನನ್ನು ಕೆಡವಿ 5ಕ್ಕೆ 4 ಮಾಡುವ ಕಿಲ್‌ಗೆ ಬೆಲೆ ಜಾಸ್ತಿ ಇದೆ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಅತ್ತೆ ಮಗ ಕಬಡ್ಡಿ ಆಡುವವನು. ಅವನಿಗೆ ಇದು ಮೊದಲೇ ಗೊತ್ತಿತ್ತು. "ಮೂರು ಜನುನ್ನ ಮುಟ್ಟು, ಬ್ಯಾಡ ಅನ್ನಲ್ಲ. ಆದ್ರೆ ಗೆರೆಗೆ ವಾಪಸ್ ಬರ್ಬೇಕಲ್ಲ" ಅಂದ.

ನನ್ನ ತೀರ್ಮಾನ ಸ್ಪೈಕ್ ಕಡೆಗೇ. ಟೀಮ್ ಮ್ಯಾಚಿನಲ್ಲಿ ಕಿಲ್ ಬೇಕಾಗಿರುವುದು ಸ್ಪೈಕ್ ಇಡಲು, ಇಲ್ಲವೇ ಇಟ್ಟಿದ್ದನ್ನು ಕಾಯಲು. ಬೇರೆ ಕಿಲ್‌ಗಾಗಿ ಜಾಗ ಬಿಡುವುದಿಲ್ಲ. ಬೇಟೆಯ ಆಸೆ ಹತ್ತಿದಾಗ ಡೆತ್‌ಮ್ಯಾಚ್‌ಗೆ ಹೋಗುತ್ತೇನೆ. ಅಲ್ಲಿ ಸ್ಪೈಕ್ ಇಲ್ಲ, ಟೀಮ್ ಇಲ್ಲ, 40 ಕಿಲ್ ಮೊದಲು ಮಾಡಿದವನದ್ದೇ ಗೆಲುವು. ದಿನಾ ಒಂದು ಡೆತ್‌ಮ್ಯಾಚ್ ಆಡಿಯೇ ಟೀಮಿನವರನ್ನು ಕರೆಯುತ್ತೇನೆ. ಗುರಿ ಮತ್ತೆ ಚುರುಕಾಗಿದೆ.

ಮೊನ್ನೆ ಭಾನುವಾರ ಮತ್ತೆ ಅಸೆಂಟ್ ಬಂತು. ಬಿ ಸೈಟಿನಲ್ಲೇ ಸ್ಪೈಕ್. ಈ ಸಲ ಉಳಿದಿದ್ದವನು ನಾನೊಬ್ಬನೇ, ಎದುರಿಗೆ ಇಬ್ಬರು. ಒಬ್ಬ ಬೇಕಂತಲೇ ಹೆಜ್ಜೆ ಸದ್ದು ಮಾಡಿಕೊಂಡು ಓಡಿದ, ನಾನು ಬರಲಿ ಅಂತ. ಎದ್ದು ಹೋಗಲು ಬೆರಳು ಎಳೆಯಿತು. ಹೋಗಲಿಲ್ಲ. ಡಿಫ್ಯೂಸ್ ಸದ್ದು ಶುರುವಾಯಿತು, ಬೆಂಕಿ ಎಸೆದೆ, ಸದ್ದು ನಿಂತಿತು. ಬೆಂಕಿ ಆರುವಷ್ಟರಲ್ಲಿ 7 ಸೆಕೆಂಡ್ ಉಳಿದಿರಲಿಲ್ಲ. ಅವರಿಬ್ಬರೂ ಸೈಟ್ ಬಿಟ್ಟು ಓಡಿದರು. ನಾನು ಗೋಡೆ ಹಿಂದೆಯೇ ಕೂತು ಸ್ಪೈಕ್ ಬೀಪ್ ಬೀಪ್ ಅನ್ನುವುದನ್ನು ಕೇಳುತ್ತಿದ್ದೆ.