ಪೈಲಟ್ ವಾಚು ಅಂತ ಕೊಂಡೆ, ಒಳಗಿದ್ದದ್ದು ಜನತಾ

ಹದಿನಾಲ್ಕು ಸಾವಿರ ರೂಪಾಯಿ ಕಳೆದುಕೊಂಡ ಕತೆ ಇದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಯಾಕಂದ್ರೆ ನಾನು ಈ ಹುಚ್ಚಿಗೆ ಹೊಸಬನಲ್ಲ. ಎಂಟು ವರ್ಷದಿಂದ ಹಳೆ ಎಚ್‌ಎಂಟಿ ವಾಚು ಕೂಡಿಹಾಕುತ್ತಿದ್ದೇನೆ. ಬೀರುವಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಇವೆ. ಆದರೂ ಬಿದ್ದೆ.

ಎಚ್‌ಎಂಟಿ ಪೈಲಟ್ ಗೊತ್ತಿಲ್ಲದವರಿಗೆ ಎರಡು ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಅಲ್ಲಿಂದ ಬಂದ ಕೀ ಕೊಡುವ ವಾಚುಗಳಲ್ಲಿ ಜನತಾ ಮನೆಮನೆಯಲ್ಲೂ ಇತ್ತು. ನಮ್ಮಪ್ಪನದೂ ಅದೇ. ಪೈಲಟ್ ಆ ಜನತಾದ ಸ್ಟೈಲ್ ಮಾಡುವ ತಮ್ಮ ಇದ್ದ ಹಾಗೆ: ಕಪ್ಪು ಡಯಲ್, ಬಿಳಿ ಅಂಕಿ, 17 ಜುವೆಲ್ (ಚಕ್ರಗಳು ಸವೆಯದಿರಲಿ ಅಂತ ಒಳಗೆ ಕೂರಿಸುವ ಪುಟ್ಟ ಹರಳು). ದೊಡ್ಡ ವಾಚೇನಲ್ಲ, ಹೆಚ್ಚೂಕಮ್ಮಿ 35 ಮಿ.ಮೀ. 2014ರಲ್ಲಿ ವಾಚ್ ಕಾರ್ಖಾನೆ ಮುಚ್ಚುತ್ತದೆ ಅನ್ನೋ ಸುದ್ದಿ ಬಂದಾಗ ಜನ ಮುಗಿಬಿದ್ದು ಕೊಂಡರು. ಬೆಲೆ ಏರಿತು. ಅದರ ಬೆನ್ನಿಗೇ ನಕಲಿಯೂ ಬಂತು.

ನನಗೆ ಸಿಕ್ಕವನ ಜಾಹೀರಾತು ಹೀಗಿತ್ತು: ವಾಯುಪಡೆ ಅಧಿಕಾರಿಯ ಮನೆಯಿಂದ ಬಂದದ್ದು, 1971ರ ಯುದ್ಧ ಕಂಡ ವಾಚು, ಒರಿಜಿನಲ್ ರೇಡಿಯಂ. ಹಿಂದಿನ ಮುಚ್ಚಳದ ಫೋಟೋ ಕೂಡ ಹಾಕಿದ್ದ. ಅದರ ಮೇಲೆ ಇಂಗ್ಲಿಷಿನಲ್ಲಿ ಐಎಎಫ್ (ಭಾರತೀಯ ವಾಯುಪಡೆ), ಕೆಳಗೆ ಐದು ಅಂಕಿಯ ನಂಬರು ಕೆತ್ತಿತ್ತು.

ಅದನ್ನು ನೋಡಿದ ಮೇಲೆ ನನಗೆ ವಾಚು ಕಾಣಲೇ ಇಲ್ಲ, ಕಂಡಿದ್ದು ನ್ಯಾಟ್ ಯುದ್ಧವಿಮಾನ. ಆ ಯುದ್ಧದಲ್ಲಿ ಹಾರಿದ ಪುಟ್ಟ ನ್ಯಾಟ್‌ಗಳನ್ನು ಕಟ್ಟಿದ್ದು ನಮ್ಮ ಎಚ್‌ಎಎಲ್‌ನಲ್ಲೇ ಅಲ್ವಾ? ಬೆಂಗಳೂರಿನ ವಿಮಾನ, ಬೆಂಗಳೂರಿನ ವಾಚು. ಮಾರುವವನು ಹೇಳದ ಕತೆಯನ್ನೂ ನಾನೇ ಸೇರಿಸಿಕೊಂಡೆ.

ಮುಚ್ಚಳ ತೆಗೆದು ಮಷೀನ್, ಅಂದರೆ ವಾಚನ್ನು ಓಡಿಸುವ ಒಳಗಿನ ಯಂತ್ರದ ಫೋಟೋ ಕೇಳಿದೆ. "ಸಾರ್, ಕಂಪನಿ ಫಿಟ್ಟಿಂಗು, ಬಿಚ್ಚಿದ್ರೆ ವ್ಯಾಲ್ಯೂ ಹೋಗುತ್ತೆ" ಅಂದ. ಈಗ ಬರೆಯುವಾಗ ನಗು ಬರುತ್ತದೆ. ಐವತ್ತು ವರ್ಷ ಒಂದು ಸಲವೂ ಮುಚ್ಚಳ ಬಿಚ್ಚದೆ, ಎಣ್ಣೆ ಹಾಕಿಸದೆ ಓಡಿದ ಕೀ ವಾಚು ಎಲ್ಲಿರುತ್ತೆ? ಆಮೇಲೆ ಮಾಮೂಲಿ ಪಾಠ ಶುರುವಾಯಿತು: ಚೆನ್ನೈಯವರೊಬ್ಬರು ಕೇಳ್ತಿದ್ದಾರೆ, ಸಂಜೆಯೊಳಗೆ ಹೇಳಿ. ಮಧ್ಯಾಹ್ನ ಊಟಕ್ಕೆ ಮೊದಲೇ ಯುಪಿಐನಲ್ಲಿ ಪೂರ್ತಿ ದುಡ್ಡು ಕಳಿಸಿದೆ. ಬಿಲ್ ಇಲ್ಲ, ವಾಪಸ್ ತಗೋತೀಯಾ ಅಂತ ಕೇಳಿದ್ದೂ ಇಲ್ಲ.

ಕೊರಿಯರ್ ಬಂದಾಗ ನನ್ನ ಹೆಂಡತಿ ವಾಚು ಕೈಗೆ ತಗೊಂಡು, "ಎಷ್ಟು ಹೊಸದಾಗಿದೆಯಲ್ರೀ" ಅಂದಳು. ನಾನದನ್ನು ಹೊಗಳಿಕೆ ಅಂದುಕೊಂಡೆ! ರಾತ್ರಿ ದೀಪ ಆರಿಸಿದರೆ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. ಮಗನನ್ನು ಎಬ್ಬಿಸಿ ತೋರಿಸಿದೆ.

ನಾಲ್ಕು ದಿನದಲ್ಲಿ ವಾಚು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳತೊಡಗಿತು. ಅವೆನ್ಯೂ ರಸ್ತೆ ಹತ್ತಿರದ ಗಲ್ಲಿಯಲ್ಲಿ ನನಗೆ ಗೊತ್ತಿರುವ ರಿಪೇರಿಯವರೊಬ್ಬರಿದ್ದಾರೆ. ನಲವತ್ತು ವರ್ಷದ ಕೈ. ಅವರ ಹತ್ತಿರ ತಗೊಂಡು ಹೋದೆ. ಕಣ್ಣಿಗೆ ಲೂಪ್ (ಸಣ್ಣ ಭೂತಗನ್ನಡಿ) ಸಿಕ್ಕಿಸಿಕೊಂಡು ಡಯಲ್ ನೋಡಿದರು. ಮುಚ್ಚಳ ತೆಗೆಯುವ ಮೊದಲೇ ಕೇಳಿದರು, "ಎಷ್ಟು ಕೊಟ್ರಿ ಸಾರ್?"

"ನೀವೇ ಹೇಳಿ."

"ಮಷೀನಿಗೆ ಎಂಟ್ನೂರು ಕೊಡಬಹುದು. ಉಳಿದಿದ್ದು ಪೇಂಟು."

ಲೂಪ್ ನನ್ನ ಕೈಗೆ ಕೊಟ್ಟರು. ಬರಿಗಣ್ಣಿಗೆ ಚೊಕ್ಕಟವಾಗಿ ಕಂಡ ಅಕ್ಷರಗಳು ಲೂಪ್‌ನಲ್ಲಿ ನೀರಲ್ಲಿ ನೆನೆದ ಹಾಗೆ ಊದಿಕೊಂಡಿದ್ದವು. ಸುತ್ತಲಿನ ನಿಮಿಷದ ಗೀಟುಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆಮೇಲೆ ಡಯಲ್ ಎತ್ತಿ ಹಿಂಭಾಗ ತೋರಿಸಿದರು. ಡಯಲ್‌ಗೆ ಹಿಂದೆ ಎರಡು ಸಣ್ಣ ಕಾಲುಗಳಿರುತ್ತವೆ, ಮಷೀನಿನ ತೂತಿನಲ್ಲಿ ಕೂರೋಕೆ. ನನ್ನದರಲ್ಲಿ ಎರಡೂ ಮುರಿದಿದ್ದವು. ಡಯಲನ್ನು ಅಂಟು ಹಾಕಿ ಮಷೀನಿಗೆ ಮೆತ್ತಿದ್ದರು. ಆ ಅಂಟಿನ ಒಂದು ಎಳೆ ಒಳಗೆ ಇಳಿದು ಚಕ್ರಕ್ಕೆ ತಾಗುತ್ತಿತ್ತಂತೆ. ದಿನಕ್ಕೆ ಹತ್ತು ನಿಮಿಷ ತಿಂದದ್ದು ಅದೇ.

ಇನ್ನು ಕೆತ್ತನೆ. ಇದನ್ನು ಅವರು ಹೇಳಿಕೊಟ್ಟ ಮೇಲೆ ಎಲ್ಲಿ ಹಳೆ ವಾಚು ಕಂಡರೂ ಮೊದಲು ಇದನ್ನೇ ನೋಡುತ್ತೇನೆ. ಮುಚ್ಚಳದ ಮೇಲೆ ವರ್ಷಗಟ್ಟಲೆ ಕೈಗೆ ಉಜ್ಜಿದ ಗೀರುಗಳಿದ್ದವು. ಅಕ್ಷರ ಹಳೆಯದಾಗಿದ್ದರೆ ಗೀರುಗಳು ಅಕ್ಷರದ ಅಂಚನ್ನೂ ಸವೆಸಿಕೊಂಡು ಹೋಗಬೇಕು. ನನ್ನ ವಾಚಿನಲ್ಲಿ ಉಲ್ಟಾ. ಅಕ್ಷರಗಳು ಗೀರುಗಳನ್ನು ಕತ್ತರಿಸಿದ್ದವು. ಉಗುರು ಆಡಿಸಿದರೆ ಅಂಚು ಚುಚ್ಚುತ್ತಿತ್ತು. ಅಂದರೆ ವಾಚು ಸವೆದ ಎಷ್ಟೋ ವರ್ಷದ ಮೇಲೆ ಯಾರೋ ಕೂತು ಕೆತ್ತಿದ್ದಾರೆ.

ರೇಡಿಯಂ ವಿಷಯ ಕೇಳಿದೆ. ನಮ್ಮಲ್ಲಿ ಹೊಳೆಯುವುದೆಲ್ಲಾ ರೇಡಿಯಮ್ಮೇ, ಬೈಕಿನ ಸ್ಟಿಕ್ಕರ್ ಕೂಡ. ಆದರೆ ನಿಜವಾದ ರೇಡಿಯಂ ಬಣ್ಣ ಹಚ್ಚಿದ ಹಳೆ ವಾಚು ಇಷ್ಟು ಹೊತ್ತಿಗೆ ಮಂಕಾಗಿರುತ್ತದೆ. ರೇಡಿಯಂ ಅರ್ಧ ಕರಗಲು 1,600 ವರ್ಷ ಬೇಕು, ಅದು ಹಾಗೇ ಇರುತ್ತದೆ. ಅದರ ಏಟಿಗೆ ಬೆಳಕು ಕೊಡುವ ಸತುವಿನ ಸಲ್ಫೈಡ್ ಪುಡಿ ಮಾತ್ರ ಕೆಲವೇ ದಶಕದಲ್ಲಿ ಸತ್ತುಹೋಗುತ್ತದೆ. ಟಾರ್ಚ್ ಹಿಡಿದ ಮೇಲೆ ಗಂಟೆಗಟ್ಟಲೆ ಹಸಿರಾಗಿ ಹೊಳೆದರೆ ಅದು ಈಚಿನ ಬಣ್ಣ. (ಹಾಗಂತ ಹೊಳೆಯದ ಡಯಲ್ ಸಿಕ್ಕಿತು ಅಂತ ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ. ಆ ಪುಡಿ ಉಸಿರಿಗೆ ಹೋದರೆ ಒಳ್ಳೆಯದಲ್ಲ.)

ಇಷ್ಟಾದರೂ ಮಷೀನ್ ಅಸಲಿ ಎಚ್‌ಎಂಟಿ! ಮೋಸ ನಡೆಯುವುದೇ ಇಲ್ಲಿ. ಜನತಾಕ್ಕೂ ಪೈಲಟ್‌ಗೂ ಒಳಗಿನ ಮಷೀನ್ ಒಂದೇ ಜಾತಿಯದು. ಜನತಾ ಲೆಕ್ಕವಿಲ್ಲದಷ್ಟು ತಯಾರಾಗಿದೆ, ಗುಜರಿಯಲ್ಲೂ ಸಿಗುತ್ತದೆ. ಅದರ ಡಯಲ್ ಕಿತ್ತು, ಕಪ್ಪು ಬಣ್ಣ ಹೊಡೆದು, ಪೈಲಟ್ ಅಂತ ಬರೆದರೆ ಬೆಲೆ ಎಷ್ಟೋ ಪಟ್ಟು. ಮುಚ್ಚಳ ಬಿಚ್ಚಿ ನೋಡಿದವನಿಗೂ ಎಚ್‌ಎಂಟಿ ಅಂತಲೇ ಕಾಣುತ್ತದೆ. ಇಂಥ ಕಲಬೆರಕೆ ವಾಚಿಗೆ ಸಂಗ್ರಹಕಾರರು ಮುಂಬೈ ಸ್ಪೆಷಲ್ ಅಂತಾರೆ. ಡಯಲ್ ಹೊಸದಾಗಿ ಬರೆಸಿದ್ದೇನೆ ಅಂತ ಬಾಯಿಬಿಟ್ಟು ಹೇಳಿ ಮಾರಿದರೆ ನನ್ನ ತಕರಾರಿಲ್ಲ, ಕೆಲವರಿಗೆ ಹೊಸ ಬಣ್ಣವೇ ಇಷ್ಟ. ನನಗೆ ಹೊಟ್ಟೆ ಉರಿದದ್ದು ಆ ಸುಳ್ಳು ಅಧಿಕಾರಿಗೆ.

ಇನ್ನೊಂದು ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು. ಪೈಲಟ್ ಅನ್ನುವುದು ಮಾದರಿಯ ಹೆಸರು ಅಷ್ಟೇ. ಅಂಗಡಿಗೆ ಹೋಗಿ ದುಡ್ಡು ಕೊಟ್ಟವರಿಗೆಲ್ಲಾ ಸಿಗುತ್ತಿತ್ತು. ಮೇಷ್ಟ್ರೂ ಕಟ್ಟಿದ್ದಾರೆ, ಬ್ಯಾಂಕಿನವರೂ ಕಟ್ಟಿದ್ದಾರೆ. ಡಯಲ್ ಮೇಲಿನ ಹೆಸರು ನೋಡಿ ಅದು ಆಕಾಶಕ್ಕೆ ಹೋಗಿತ್ತು ಅಂತ ನಂಬೋದು, ಎಚ್‌ಎಂಟಿಯದೇ ಸುಜಾತಾ ವಾಚನ್ನು ಸುಜಾತಾ ಅನ್ನೋರೇ ಕಟ್ಟಿದ್ದರು ಅಂದ ಹಾಗೆ.

ಪೈಲಟ್‌ಗಳಿಗೆ, ವಿಮಾನದಲ್ಲಿ ದಾರಿ ನೋಡುವವರಿಗೆ ಅಂತಲೇ ಮಾಡಿದ ಹೊರದೇಶದ ವಾಚುಗಳಲ್ಲಿ ನೋಡೋಕೆ ಗಟ್ಟಿ ಗುರುತಾದರೂ ಇರುತ್ತವೆ. ಎರಡನೇ ಮಹಾಯುದ್ಧದ ಜರ್ಮನ್ ಬಿ-ಉಹ್ರ್ 55 ಮಿ.ಮೀ. ಅಗಲ, ಜಾಕೆಟ್ ತೋಳಿನ ಮೇಲೆ ಕಟ್ಟುವಂಥದ್ದು, ಅದರ ಪಕ್ಕದಲ್ಲಿ ಎಫ್‌ಎಲ್ 23883 ಅಂತ ಕೆತ್ತಿರುತ್ತದೆ. ಬ್ರಿಟಿಷ್ ವಾಯುಪಡೆಗಾಗಿ 1948ರಿಂದ ಸ್ವಿಟ್ಜರ್ಲೆಂಡಿನ ಐಡಬ್ಲ್ಯೂಸಿ ಕಂಪನಿ ಮಾಡಿದ ಮಾರ್ಕ್ 11ರಲ್ಲಿ ಮಷೀನಿನ ಮೇಲೆ ಮೆದು ಕಬ್ಬಿಣದ ಇನ್ನೊಂದು ಮುಚ್ಚಳ ಇರುತ್ತದೆ, ವಿಮಾನದ ಆಯಸ್ಕಾಂತ ಸೆಳೆತ ತಾಗದಿರಲಿ ಅಂತ. ಇವಕ್ಕೂ ನಕಲಿ ಇದ್ದೇ ಇದೆ. ಅಲ್ಲಿ ಹೋಗುವ ದುಡ್ಡು ಮಾತ್ರ ಲಕ್ಷದ ಲೆಕ್ಕದಲ್ಲಿ.

ಈಗ ನಾನು ಮಷೀನಿನ ಫೋಟೋ ಬರದೆ ಒಂದು ರೂಪಾಯಿ ಕಳಿಸುವುದಿಲ್ಲ. ಇವತ್ತಿನ ಪೇಪರ್ ಪಕ್ಕ ವಾಚು ಇಟ್ಟು ಫೋಟೋ ತೆಗೆದು ಕಳಿಸಿ ಅನ್ನುತ್ತೇನೆ. ಸ್ಕ್ರೂ ತಲೆಗಳನ್ನು ದೊಡ್ಡದು ಮಾಡಿ ನೋಡುತ್ತೇನೆ. ಹಲ್ಲು ಕಚ್ಚಿದ ಹಾಗೆ ಹರಿದಿದ್ದರೆ ಬೇಡ. ಸೈನ್ಯದ್ದು ಅಂದರೆ ಯಾರದು, ಕಾಗದ ಏನಿದೆ ಅಂತ ಕೇಳುತ್ತೇನೆ. ಕಾಗದ ಇಲ್ಲದಿದ್ದರೆ ಮಾಮೂಲಿ ಪೈಲಟ್ ಬೆಲೆ, ಅಷ್ಟೇ. ಇದನ್ನೆಲ್ಲಾ ಕೇಳಿದ ಮೇಲೆ ಮೂವರು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದಾರೆ. ಒಳ್ಳೆಯದೇ ಆಯಿತು.

ಮಾರಿದವನಿಗೆ ಡಯಲ್ ಕಾಲಿನ ಫೋಟೋ ಕಳಿಸಿದೆ. "ಹಳೆ ಮಾಲಿಗೆ ಗ್ಯಾರಂಟಿ ಇರಲ್ಲ ಸಾರ್" ಅಂತ ಒಂದು ಸಾಲು ಬಂತು. ಮರುದಿನ ನನ್ನನ್ನು ಬ್ಲಾಕ್ ಮಾಡಿದ್ದ. ಬಿಲ್ ಇಲ್ಲದ ಕಾರಣ ನನ್ನ ಕೈಯಲ್ಲಿ ಉಳಿದಿದ್ದು ಚಾಟ್ ಮತ್ತು ಯುಪಿಐ ರಸೀದಿ ಮಾತ್ರ.

ಹೋದ ತಿಂಗಳು ಗೆಳೆಯರೊಬ್ಬರು ಒಂದು ಫೋಟೋ ಕಳಿಸಿ, "ಇದು ಹೇಗಿದೆ, ತಗೊಳ್ಳಲಾ?" ಅಂತ ಕೇಳಿದರು. ಕಪ್ಪು ಡಯಲ್ ಪೈಲಟ್, ವಾಯುಪಡೆ ಅಧಿಕಾರಿಯ ಮನೆಯಿಂದ ಬಂದದ್ದು. ಮುಚ್ಚಳದ ಚಿತ್ರ ದೊಡ್ಡದು ಮಾಡಿದೆ. ಬೀರುವಿನಿಂದ ನನ್ನ ವಾಚು ತಂದು ಪಕ್ಕದಲ್ಲಿಟ್ಟೆ. ಐದೂ ಅಂಕಿ ಅವೇ. ಬೆಲೆ ಮಾತ್ರ ಈ ಸಲ 16,500.