ಒಂದೇ ಟಿವಿ, ನಾಲ್ಕು ದಾರಿ: ಯಾವುದರಲ್ಲಿ ಚಿತ್ರ ಚೆಂದ?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಟಿವಿ ಅಂಗಡಿಗೆ ಹೋದರೆ ಮಾತು 4ಕೆಯಿಂದಲೇ ಶುರುವಾಗುತ್ತದೆ. 4ಕೆ ಎಂದರೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಅದು ಪರದೆಯ ಲೆಕ್ಕ. ಮನೆಗೆ ಬರುವ ಸಿಗ್ನಲ್ಲಿನಲ್ಲಿ ಏನಿದೆ ಅನ್ನುವುದು ಬೇರೆಯೇ ಲೆಕ್ಕ, ಅದನ್ನು ಯಾರೂ ಬಾಯಿ ಬಿಡುವುದಿಲ್ಲ. ಅಗ್ರಹಾರದ ನಮ್ಮ ಮನೆಯಲ್ಲಿ 43 ಇಂಚಿನ ಒಂದು ಟಿವಿಗೆ ಡಿಡಿ ಫ್ರೀ ಡಿಶ್, ತಿಂಗಳ ದುಡ್ಡು ಕಟ್ಟುವ ಡಿಟಿಎಚ್‌ನ ಎಚ್‌ಡಿ ಬಾಕ್ಸು, ಫೈಬರ್ ಇಂಟರ್ನೆಟ್ಟು, ಅಟ್ಟದಿಂದ ಇಳಿಸಿದ ಡಿವಿಡಿ ಪ್ಲೇಯರ್ ನಾಲ್ಕನ್ನೂ ಸಿಕ್ಕಿಸಿ ಅದಲು ಬದಲು ಮಾಡಿ ನೋಡಿದೆ.

ನನ್ನ ಪರೀಕ್ಷೆ ಸುಲಭ: ನ್ಯೂಸ್ ಚಾನೆಲ್ಲಿನ ಕೆಳಗೆ ಓಡುವ ಪಟ್ಟಿಯ ಒತ್ತಕ್ಷರ ಓದಿ. 'ರಾಷ್ಟ್ರ' ಅಂತ ಬಂದಾಗ ಷಕಾರದ ಕೆಳಗಿರುವ ಎರಡೂ ಒತ್ತು ಬೇರೆ ಬೇರೆ ಕಾಣಬೇಕು. ಮಾಮೂಲಿ ಎಸ್‌ಡಿ ಚಾನೆಲ್ಲಿನಲ್ಲಿ ಎರಡೂ ಸೇರಿ ಒಂದು ಮಸಿಬೊಟ್ಟು. ಎಸ್‌ಡಿ ಅಂದರೆ 576ಐ, ಅಂದರೆ ಮೇಲಿನಿಂದ ಕೆಳಕ್ಕೆ 576 ಅಡ್ಡಗೆರೆ ಮಾತ್ರ. ಆ 'ಐ' ಇದೆಯಲ್ಲ, ಅದು ಇಂಟರ್‌ಲೇಸ್ಡ್: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಎರಡನ್ನೂ ಜೋಡಿಸುವ ಕೆಲಸ ಟಿವಿಯದು. ಅಗ್ಗದ ಟಿವಿ ಅದನ್ನು ಒರಟಾಗಿ ಮಾಡಿದರೆ ಓಡುವ ಅಕ್ಷರದ ಅಂಚಿಗೆ ಬಾಚಣಿಗೆಯ ಹಲ್ಲು ಮೂಡುತ್ತದೆ. 'ಪಿ' ಇದ್ದರೆ ಇಡೀ ಚಿತ್ರ ಒಟ್ಟಿಗೇ ಬರುತ್ತದೆ. ಪಟ್ಟಿಯ ತಳವೇ ಕತ್ತರಿಸಿ ಹೋದ ಹಾಗಿದ್ದರೆ ಅದು ಓವರ್‌ಸ್ಕ್ಯಾನ್; ಸೆಟ್ಟಿಂಗ್ಸಿನ ಚಿತ್ರದ ಅಳತೆಯಲ್ಲಿ ಅದನ್ನು ಆಫ್ ಮಾಡಿ.

ವಿಚಿತ್ರ ಏನೆಂದರೆ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿಯೂ ಅದೇ 576 ಗೆರೆ. ಆದರೂ ಒಳ್ಳೆಯ ಡಿವಿಡಿ ಹಾಕಿದರೆ ಎಸ್‌ಡಿ ಚಾನೆಲ್ಲಿಗಿಂತ ಎದ್ದು ಕಾಣುತ್ತದೆ. ಕಾರಣ ಬಿಟ್‌ರೇಟು, ಅಂದರೆ ಸೆಕೆಂಡಿಗೆ ಚಿತ್ರಕ್ಕೆಂದು ಖರ್ಚಾಗುವ ಮಾಹಿತಿ. ಡಿವಿಡಿಯಲ್ಲಿ ಅದು 9.8 ಮೆಗಾಬಿಟ್‌ವರೆಗೂ ಹೋಗಬಹುದು. ಉಪಗ್ರಹದಲ್ಲಿ ಸಿಗ್ನಲ್ ಹಿಡಿದು ಮತ್ತೆ ಭೂಮಿಗೆ ಕಳಿಸುವ ಒಂದೇ ಟ್ರಾನ್ಸ್‌ಪಾಂಡರನ್ನು ಹಲವು ಚಾನೆಲ್ಲುಗಳು ಹಂಚಿಕೊಳ್ಳಬೇಕು, ಒಬ್ಬೊಬ್ಬರ ಪಾಲಿಗೆ ಬರುವುದು ಅಷ್ಟಕ್ಕಷ್ಟೇ. ಗೆರೆ ಎಣಿಸಿ ಟಿವಿ ಮಾರುವವರು ಹೇಳದ ಮಾತು ಇದೇ.

ಇದು ಕಣ್ಣಿಗೆ ರಾಚಿದ್ದು ಜಂಬೂಸವಾರಿಯ ದಿನ. ಚಂದನ ವಾಹಿನಿಯ ನೇರಪ್ರಸಾರವನ್ನು ಫ್ರೀ ಡಿಶ್‌ನಲ್ಲೂ ಯೂಟ್ಯೂಬಿನಲ್ಲೂ ಹಾಕಿಕೊಂಡಿದ್ದೆ. ಆನೆ ನಿಧಾನಕ್ಕೆ ಹೆಜ್ಜೆ ಹಾಕುವಾಗ ಎರಡರಲ್ಲೂ ಅಂಬಾರಿ ಚೆನ್ನಾಗಿಯೇ ಇತ್ತು. ಡೊಳ್ಳು ಕುಣಿತದವರು ಬಂದು, ಹಿಂದೆ ಜನಸಾಗರ ಅಲುಗಾಡತೊಡಗಿದ್ದೇ ತಡ, ಫ್ರೀ ಡಿಶ್‌ನಲ್ಲಿ ಮುಖಗಳೆಲ್ಲ ಚೌಕ ಚೌಕ. ವಿಡಿಯೊ ಕುಗ್ಗಿಸುವ ತಂತ್ರ ಹೆಚ್ಚಾಗಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ಇಡೀ ಚಿತ್ರವೇ ಬದಲಾಗುತ್ತಿದ್ದರೆ ಬಿಟ್‌ರೇಟು ಸಾಲುವುದಿಲ್ಲ. ಯೂಟ್ಯೂಬಿನದು ಶುಭ್ರವಾಗಿತ್ತು, ಆದರೆ ತಡ. 21 ಕುಶಾಲತೋಪು ಸಿಡಿದಾಗ ಸದ್ದು ಮೊದಲು ಬಂದದ್ದು ನಮ್ಮ ಕಿಟಕಿಯಿಂದ, ಆಮೇಲೆ ಫ್ರೀ ಡಿಶ್‌ನಿಂದ, ಯೂಟ್ಯೂಬಿನಲ್ಲಿ ಅಷ್ಟು ಹೊತ್ತಿಗೆ ಇನ್ನೂ ತೋಪಿಗೆ ಬೆಂಕಿಯೇ ಇಟ್ಟಿರಲಿಲ್ಲ.

ಕ್ರಿಕೆಟ್ಟಿಗೆ ನನ್ನ ಮತ ಡಿಟಿಎಚ್‌ನ ಎಚ್‌ಡಿಗೆ. ಅದು 1080ಐ, ಸೆಕೆಂಡಿಗೆ 50 ಅರ್ಧ ಚಿತ್ರ ಇರುವುದರಿಂದ ಚೆಂಡು ನಯವಾಗಿ ಸಾಗುತ್ತದೆ. ಆ್ಯಪ್ಪಿನಲ್ಲಿ ಸೆಕೆಂಡಿಗೆ 25 ಚಿತ್ರ ಮಾತ್ರ ಬಂದಾಗ ಚೆಂಡು ಕುಪ್ಪಳಿಸಿದ ಹಾಗಿರುತ್ತದೆ. ಆದರೆ ಸಂಜೆ ಜೋರು ಮಳೆ ಹಿಡಿದರೆ ಎರಡೂ ಡಿಶ್ಶು ಕಣ್ಣುಮುಚ್ಚುತ್ತವೆ, ಫೈಬರ್‌ಗೆ ಆ ಕಾಟ ಇಲ್ಲ. ಇನ್ನೊಂದು: ನೆಂಟರೊಬ್ಬರು ವರ್ಷಗಟ್ಟಲೆ ಎಚ್‌ಡಿ ಪ್ಯಾಕಿಗೆ ದುಡ್ಡು ಕಟ್ಟುತ್ತಿದ್ದಾರೆ, ಬಾಕ್ಸಿಗೆ ಸಿಕ್ಕಿಸಿರುವುದು ಹಳದಿ-ಕೆಂಪು-ಬಿಳಿ ಎವಿ ವೈರು. ಆ ಹಳದಿ ವೈರಿನಲ್ಲಿ ಎಚ್‌ಡಿ ಹಾಯುವುದೇ ಇಲ್ಲ. ಎಚ್‌ಡಿಎಂಐ ಹಾಕಿಕೊಟ್ಟ ಮೇಲೆ ಅವರ ಮನೆಯವರು 'ಹೊಸ ಟಿವಿ ತಗೊಂಡ್ರಾ?' ಅಂದರಂತೆ.

ಸಿನಿಮಾಕ್ಕೆ ಫೈಬರೇ. 4ಕೆಗೆ 15 ಮೆಗಾಬಿಟ್ ವೇಗ ಸಾಕು ಅನ್ನುತ್ತದೆ ನೆಟ್‌ಫ್ಲಿಕ್ಸ್. ಶುರುವಿನ ಕೆಲವು ಸೆಕೆಂಡು ಮಂಜು ಮಂಜಾಗಿದ್ದು ಆಮೇಲೆ ತಿಳಿಯಾಗುವುದು ದೋಷವಲ್ಲ, ನೆಟ್ಟಿನ ವೇಗ ಅಳೆದು ಬಿಟ್‌ರೇಟು ಏರಿಸಿಕೊಳ್ಳುತ್ತಿರುತ್ತದೆ. ಅಷ್ಟಾಗಿ 43 ಇಂಚನ್ನು ಎಂಟು-ಒಂಬತ್ತು ಅಡಿ ದೂರದಿಂದ ನೋಡಿದರೆ 1080ಪಿಗೂ 4ಕೆಗೂ ವ್ಯತ್ಯಾಸ ನನಗಂತೂ ಕಾಣಲಿಲ್ಲ. ಅಗ್ಗದ ಟಿವಿಯ ಮೇಲಿನ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ತಂತ್ರ) ಸ್ಟಿಕ್ಕರಿಗೂ ಮರುಳಾಗಬೇಡಿ, ಪರದೆಗೆ ಬೆಳಕಿನ ಕಸುವಿಲ್ಲದಿದ್ದರೆ ಅದು ಸ್ಟಿಕ್ಕರ್ರೇ.

ಹಾಗಂತ ಫ್ರೀ ಡಿಶ್ ಬಿಚ್ಚಿಸುವ ಯೋಚನೆ ಇಲ್ಲ. 2004ರಲ್ಲಿ ಶುರುವಾದಾಗಿನಿಂದ ಅದಕ್ಕೆ ತಿಂಗಳ ಬಾಡಿಗೆ ಅಂತಿಲ್ಲ. ಬಾಕ್ಸು ಕೊಳ್ಳುವಾಗ ಎಂಪೆಗ್-4 (ವಿಡಿಯೊ ಕುಗ್ಗಿಸುವ ಹೊಸ ವಿಧಾನ) ಇದೆಯೇ ಅಂತ ಕೇಳಿ. ಬರೀ ಹಳೆಯ ಎಂಪೆಗ್-2ರದ್ದಾದರೆ ಕೆಲವು ಚಾನೆಲ್ ಬರುವುದಿಲ್ಲ.

ಯಾವ ದಾರಿ ಹಿಡಿದರೂ ಸಿನಿಮಾ ನೋಡುವಾಗ 'ಮೋಷನ್ ಸ್ಮೂತಿಂಗ್' ಆಫ್ ಮಾಡಿ. ಸೆಕೆಂಡಿಗೆ 24 ಚಿತ್ರದ ಸಿನಿಮಾಕ್ಕೆ ಟಿವಿ ತನ್ನದೇ ಚಿತ್ರಗಳನ್ನು ನಡುವೆ ಸೇರಿಸಿ ಧಾರಾವಾಹಿಯ ಹಾಗೆ ಮಾಡಿಬಿಡುತ್ತದೆ. ನಾನು ಆಫ್ ಮಾಡಿದ್ದನ್ನು ಅಮ್ಮ ಮಾತ್ರ ಮತ್ತೆ ಆನ್ ಮಾಡಿಸುತ್ತಾರೆ: 'ಧಾರಾವಾಹಿ ಥರ ಇದ್ರೆ ಏನೋ ಕಷ್ಟ ನಿಂಗೆ?'