ಹಳೇ ಫೈಲ್ ಕೇಳದವರ ಕೈಗೆ ಹಿರಿಯರ ಕೈ ಕೊಡಬೇಡಿ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಒಬ್ಬ ಹುಡುಗ ಬಿಳಿ ಕೋಟು ಹಾಕಿಕೊಂಡು ಬಂದ. ಒಂದೂವರೆ ಗಂಟೆಯಲ್ಲಿ ನಮ್ಮ ಅತ್ತೆಗೆ ಎರಡು ಬಾಟ್ಲಿ ಏರಿಸಿ, ಒಂದು ಸೂಜಿ ಮಾಡಿ, 2,600 ರೂಪಾಯಿ ತಗೊಂಡು ಹೋದ. ಅವತ್ತೇ ರಾತ್ರಿ ಎರಡು ಗಂಟೆಗೆ ಅತ್ತೆ ಉಸಿರಿಗೆ ಒದ್ದಾಡುತ್ತಾ ಆಂಬುಲೆನ್ಸ್‌ನಲ್ಲಿದ್ದರು. ಬದುಕಿ ಬಂದಿದ್ದಾರೆ. ಅದಕ್ಕೇ ಇದನ್ನು ಕೂತು ಬರೆಯಲು ಆಗುತ್ತಿದೆ.

ನಾವಿರುವುದು ಕೊಪ್ಪಳದಲ್ಲಿ, ಮೊದಲನೇ ಮಹಡಿಯಲ್ಲಿ. ಮೆಟ್ಟಿಲು ಹದಿನೆಂಟು. ಅತ್ತೆಗೆ 82 ವರ್ಷ. ಆಸ್ಪತ್ರೆಗೆ ಹೋಗಬೇಕೆಂದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಂದೊಬ್ಬರು ಹಿಂದೊಬ್ಬರು ಹಿಡಿದು ಇಳಿಸಬೇಕು. ಮನೆಯವರು ಡ್ಯೂಟಿಗೆ ಹೋಗಿದ್ದರೆ ಪಕ್ಕದ ಮನೆಯ ಹುಡುಗರನ್ನು ಕರೆಯಬೇಕು. ಅತ್ತೆಗೆ ಅದು ನಾಚಿಕೆ. "ನಾ ಏನ್ ಜೋಳದ ಚೀಲೇನವ್ವ?" ಅನ್ನುತ್ತಾರೆ.

ಅವರ ಹಾರ್ಟ್ ಪಂಪಿಂಗ್ 35 ಪರ್ಸೆಂಟ್ ಅಂತ ಎಕೋ ರಿಪೋರ್ಟ್‌ನಲ್ಲಿದೆ. ಕಿಡ್ನಿಯೂ ಸ್ವಲ್ಪ ಸೋತಿದೆ. ತೋರಿಸುವುದು ಹುಬ್ಬಳ್ಳಿಯ ಹೃದಯದ ಡಾಕ್ಟರಿಗೆ, ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ. ಅವರು ಹೇಳಿದಂತೆ ಉಪ್ಪು ಕಮ್ಮಿ, ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್. ನೀರೂ ಅಳತೆಯಲ್ಲಿ. ಇದಕ್ಕಾಗಿ ಅತ್ತೆ ನನ್ನನ್ನು ಬೈಯದ ದಿನವಿಲ್ಲ.

ಬಿಸಿಲು ಏರುತ್ತಿದ್ದಂತೆ ಅತ್ತೆ ಸುಸ್ತಾದರು. ಊಟ ಸೇರುತ್ತಿರಲಿಲ್ಲ. "ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ" ಅಂತ ನಾಲ್ಕೈದು ಸಲ ಹೇಳಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಬೆಂಗಳೂರಲ್ಲಿರುವ ನನ್ನ ಮೈದುನನಿಗೆ ಫೋನಿನಲ್ಲಿ ಒಂದು ಜಾಹೀರಾತು ಸಿಕ್ಕಿತು. ಡಾಕ್ಟರ್ ನಿಮ್ಮ ಮನೆ ಬಾಗಿಲಿಗೆ, ಹಿರಿಯರಿಗೆ ವಿಶೇಷ ಪ್ಯಾಕೇಜ್, ಅಂಥದ್ದು. ಅಲ್ಲಿಂದಲೇ ದುಡ್ಡು ಹಾಕಿ ಬುಕ್ ಮಾಡಿದ. "ವೈನಿ, ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ, ಡಾಕ್ಟರ್ ಮನಿಗೇ ಬರ್ತಾರ" ಅಂದ. ನನಗೂ ಹಾಯ್ ಅನಿಸಿತು. ಸುಳ್ಳು ಯಾಕೆ ಹೇಳಲಿ, ಆ ಹದಿನೆಂಟು ಮೆಟ್ಟಿಲು ತಪ್ಪಿತಲ್ಲ ಅಂತ ಖುಷಿಯೇ ಆಯಿತು.

ಬಂದ ಹುಡುಗ ಒಳ್ಳೆಯ ಮಾತುಗಾರ. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಷ್ಟಕ್ಕೇ ಅತ್ತೆ ಅರ್ಧ ಗುಣವಾದರು. ಬಿಪಿ ಒಮ್ಮೆ ನೋಡಿದ, ಮಲಗಿದ್ದಂತೆಯೇ. ಬೆರಳಿಗೆ ಕ್ಲಿಪ್ ಹಾಕಿದ. ಸ್ಟೆತಾಸ್ಕೋಪು ಕೊರಳಲ್ಲೇ ಉಳಿಯಿತು. "ಅಮ್ಮಾರಿಗೆ ಭಾಳ ವೀಕ್ನೆಸ್ ಐತ್ರಿ, ಬಿಪಿ ಲೋ ಐತಿ, ಎರಡು ಬಾಟ್ಲಿ ಹಾಕಿದ್ರ ನಾಳೆ ಓಡ್ಯಾಡ್ತಾರ" ಅಂದ. ನಾನು "ಹಾರ್ಟಿನ ಪ್ರಾಬ್ಲಮ್ ಐತ್ರಿ, ಫೈಲ್ ತರ್ಲೇನ್ರಿ?" ಅಂತ ಕೇಳಿದೆ. "ಬ್ಯಾಡ್ರಿ ಅಕ್ಕ, ಇದು ಬರೇ ಗ್ಲೂಕೋಸ್, ಇದರಿಂದ ಏನೂ ಆಗಂಗಿಲ್ಲ" ಅಂದ.

ಅಲ್ಲೇ ನಾನು ತಪ್ಪಿದ್ದು. ಫೈಲ್ ನನ್ನ ಕೈಗೆಟುಕುವಷ್ಟು ಹತ್ತಿರ, ಟ್ರಂಕಿನ ಮೇಲೆ ಇತ್ತು. ತರಲಿಲ್ಲ.

ಕಿಟಕಿಯ ಸರಳಿಗೆ ಬಾಟ್ಲಿ ಕಟ್ಟಿದ. ಎರಡನೇ ಬಾಟ್ಲಿಗೆ ಏನೋ ಬೆರೆಸಿದ, ಅದು ಹಳದಿಯಾಯಿತು. ಅತ್ತೆ "ಮೊಣಕಾಲು ನೋಯ್ತೈತಪ್ಪ" ಅಂದಿದ್ದಕ್ಕೆ ಸೊಂಟಕ್ಕೆ ಒಂದು ಸೂಜಿ. ಅವನಿಗೆ ಇನ್ನೊಂದು ಮನೆಗೆ ಹೋಗುವ ಅವಸರವಿತ್ತು. ಹನಿ ಜೋರಾಗಿ ಬಿಟ್ಟಿದ್ದ. ಪಕ್ಕದ ಮನೆಯವರು ಬಂದು ನೋಡಿ "ಎಷ್ಟು ಚಲೋ ಆತು ನೋಡ್ರಿ, ಮನ್ಯಾಗ ಕುಂತು ಬಾಟ್ಲಿ" ಅಂತ ಫೋನ್ ನಂಬರ್ ಬರೆದುಕೊಂಡು ಹೋದರು. ನಮ್ಮ ಕಡೆ ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ. ಕಳೆ ತೆಗೆದು ಸೊಂಟ ಬಿದ್ದರೂ ಬಾಟ್ಲಿ, ಮದುವೆ ಓಡಾಟದ ಸುಸ್ತಿಗೂ ಬಾಟ್ಲಿ. ನಾನೇನು ಬೇರೆಯವಳಲ್ಲ, ನನಗೂ ಅದು ಹಾಕಿದ ಮೇಲೆ ಏನೋ ಒಂದು ಸಮಾಧಾನ ಆಗಿತ್ತು.

ರಾತ್ರಿ ಅತ್ತೆ ಎದ್ದು ಕೂತರು. ಮಲಗಿದರೆ ಕೆಮ್ಮು. ದಿಂಬು ಎರಡಾಯಿತು, ಮೂರಾಯಿತು, ಆಗಲಿಲ್ಲ. ಎದೆಯೊಳಗೆ ಅನ್ನ ಕುದಿಯುವಂಥ ಸದ್ದು. ತುಟಿ ಕಪ್ಪಾಗುತ್ತಾ ಬಂತು. "ಉಸಿರು ತಿರುಗವಲ್ದವ್ವ" ಅಂದಿದ್ದೊಂದೇ ಮಾತು. 108ಕ್ಕೆ ಫೋನ್ ಮಾಡಿದೆವು. ಅದೇ ಹದಿನೆಂಟು ಮೆಟ್ಟಿಲು, ಅದೇ ಕುರ್ಚಿ, ಈ ಸಲ ಕತ್ತಲಲ್ಲಿ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಡ್ಯೂಟಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: ಇವತ್ತು ಏನೇನು ಹಾಕಿದ್ದಾರೆ? ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಚೀಟಿ ಬರೆದಿರಲಿಲ್ಲ. ರಸೀದಿ ಮೈದುನನ ಫೋನಿಗೆ ಬಂದಿತ್ತು, ಅದರಲ್ಲಿ ಸರ್ವೀಸ್ ಚಾರ್ಜ್ ಅಂತ ಮಾತ್ರ ಇತ್ತು. ಕಸದ ಗಾಡಿ ಬರುವುದು ಬೆಳಗ್ಗೆ, ನಮ್ಮ ಪುಣ್ಯ. ಮನೆಯವರು ವಾಪಸ್ ಹೋಗಿ ಕಸದ ಬುಟ್ಟಿಯಿಂದ ಎರಡು ಖಾಲಿ ಬಾಟ್ಲಿ, ಒಡೆದ ಔಷಧಿ ಶೀಶೆಯ ಚೂರು ಹುಡುಕಿ ತಂದರು. ಒಂದು ನಾರ್ಮಲ್ ಸಲೈನ್, ಇನ್ನೊಂದು ಡಿಎನ್‌ಎಸ್. ಶೀಶೆ ಡೈಕ್ಲೋಫೆನಾಕ್, ಅಂದರೆ ನೋವಿನ ಸೂಜಿ.

ಡಾಕ್ಟರಮ್ಮ ಆ ಬಾಟ್ಲಿಯ ಮೇಲಿನ ಅಕ್ಷರ ತೋರಿಸಿದಾಗ ನನ್ನ ಕೈ ತಣ್ಣಗಾಯಿತು. 0.9 ಪರ್ಸೆಂಟ್ ಅಂದರೆ 500 ಎಂಎಲ್ ಬಾಟ್ಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ನಾವು ಗ್ಲೂಕೋಸ್ ಅನ್ನುವ ಡಿಎನ್‌ಎಸ್‌ನಲ್ಲೂ ಸಕ್ಕರೆಯ ಜೊತೆ ಅಷ್ಟೇ ಉಪ್ಪು ಇರುತ್ತದೆ. ಆರೋಗ್ಯವಾಗಿರುವವರೇ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಹಪ್ಪಳದ ಚೂರು ಕೊಡದೆ ಕಾದ ಜೀವಕ್ಕೆ ಒಂದೇ ಮಧ್ಯಾಹ್ನ 9 ಗ್ರಾಂ ಉಪ್ಪು, ಒಂದು ಲೀಟರ್ ನೀರು, ಸೀದಾ ರಕ್ತಕ್ಕೆ. ಸೋತ ಹೃದಯಕ್ಕೆ ಅಷ್ಟನ್ನು ಮುಂದೆ ತಳ್ಳಲು ಆಗುವುದಿಲ್ಲ, ನೀರು ಹಿಂದಕ್ಕೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ಆ ನೋವಿನ ಸೂಜಿ. ಅದು ಕಿಡ್ನಿಗೆ ಪೆಟ್ಟು, ಉಪ್ಪು ನೀರನ್ನು ದೇಹದಲ್ಲೇ ಹಿಡಿದಿಡುತ್ತದೆ. ಹಾರ್ಟು, ಕಿಡ್ನಿ ಎರಡೂ ಸೋತವರಿಗೆ ಕೊಡಲೇಬಾರದ ಔಷಧಿ ಅದು.

ಬಾಟ್ಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಾಂತಿ ಭೇದಿಯಾಗಿ ನೀರಿಳಿದು ಹೋದವರಿಗೆ ಅದು ಜೀವ ಉಳಿಸುತ್ತದೆ. ಯಾರಿಗೆ, ಎಷ್ಟು, ಎಷ್ಟು ನಿಧಾನ ಅನ್ನುವುದು ತಿಳಿದವರು ಹಾಕಬೇಕು, ಅಷ್ಟೇ.

ಇನ್ನೊಂದು ವಿಷಯ ಮೂರನೇ ದಿನ ಗೊತ್ತಾಯಿತು. ವಾರ್ಡಿನಲ್ಲಿ ಡಾಕ್ಟರಮ್ಮ "ಮನೆಯಲ್ಲಿರೋ ಮಾತ್ರೆ ಎಲ್ಲಾ ತನ್ನಿ, ಪಟ್ಟಿ ಬೇಡ, ಮಾತ್ರೆನೇ ತನ್ನಿ" ಅಂದರು. ಡಬ್ಬಿ ಒಯ್ದು ಮಂಚದ ಮೇಲೆ ಸುರುವಿದೆ. ಹುಬ್ಬಳ್ಳಿಯವರು ಬರೆದ ಒಂದು ಬಿಪಿ ಮಾತ್ರೆ, ನಡುವೆ ಇಲ್ಲಿ ಒಬ್ಬರು ಬರೆದ ಇನ್ನೊಂದು. ಹೆಸರು ಬೇರೆ, ಡಬ್ಬಿ ಬಣ್ಣ ಬೇರೆ, ಒಳಗಿನ ಔಷಧಿ ಒಂದೇ, ಟೆಲ್ಮಿಸಾರ್ಟನ್. ಎರಡು ತಿಂಗಳಿಂದ ನಾನೇ ನನ್ನ ಕೈಯಾರೆ ಡಬಲ್ ಡೋಸ್ ಕೊಡುತ್ತಿದ್ದೆ. ಎದ್ದು ನಿಂತರೆ ಕತ್ತಲೆ ಬರುತ್ತಿದ್ದದ್ದು ಅದಕ್ಕೇ, ನಿಂತಾಗ ಬಿಪಿ ಕೆಳಗೆ ಬೀಳುತ್ತಿತ್ತು. ಶಕ್ತಿ ಇಲ್ಲದ್ದಕ್ಕೆ ಬೇಕಿದ್ದದ್ದು ಬಾಟ್ಲಿ ಅಲ್ಲ, ಒಂದು ಮಾತ್ರೆ ನಿಲ್ಲಿಸುವುದು. ಫೈಲ್ ಬಿಚ್ಚಿದ್ದರೆ ಎರಡು ನಿಮಿಷದ ಕೆಲಸ.

ಐದು ದಿನದ ಮೇಲೆ ಮನೆಗೆ ಬಂದೆವು. ಬಿಲ್ಲಿನ ಮಾತು ಬಿಡಿ.

ಆ ಕಂಪನಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ ಕೇಳಿ. ಡಾಕ್ಟರ್ ಬರುತ್ತಾರೆ ಅಂತ ನಾವು ಹೇಳಿಲ್ಲ ಮೇಡಂ, ಬುಕಿಂಗ್‌ನಲ್ಲಿ ಹೆಲ್ತ್ ಎಕ್ಸ್‌ಪರ್ಟ್ ವಿಸಿಟ್ ಅಂತ ಇದೆ, ನಾವು ಬರೀ ಜನರನ್ನು ಜೋಡಿಸಿ ಕೊಡುವವರು. ಬಂದಿದ್ದ ಹುಡುಗನ ರಿಜಿಸ್ಟ್ರೇಷನ್ ನಂಬರ್ ಕೇಳಿದರೆ ಲೈನ್ ಕಟ್. ಆಮೇಲೆ ಅವನನ್ನೇ ಹಿಡಿದು ಕೇಳಿದಾಗ ತಿಳಿಯಿತು, ಎರಡು ವರ್ಷ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೈಕೆಲಸಕ್ಕಿದ್ದನಂತೆ. ನರ್ಸಿಂಗ್ ಕೂಡ ಓದಿಲ್ಲ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಪಾಪ ಒಂದು ಮನೆಗೆ ಇಷ್ಟು ಅಂತ ಕೊಡುತ್ತಾರೆ. ಬಿಳಿ ಕೋಟು ಹಾಕಿಸಿ ಕಳಿಸಿದವರ ಮೇಲಿದೆ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಹೆಸರು ಬರೆದರೆ ನಾಳೆ ಇನ್ನೊಂದು ಹೆಸರಲ್ಲಿ ಬರುತ್ತಾರೆ, ಅದಕ್ಕೇ ಗುರುತು ಹಿಡಿಯುವುದು ಹೇಗೆ ಅಂತ ಹೇಳುತ್ತೇನೆ.

ಬುಕ್ ಮಾಡುವ ಮೊದಲೇ ಕೇಳಿ, ಬರುವವರು ಯಾರು, ಏನು ಓದಿದ್ದಾರೆ, ನೋಂದಣಿ ಸಂಖ್ಯೆ ಏನು. ಡಾಕ್ಟರಾದವರು ಚೀಟಿಯ ಮೇಲೆ, ರಸೀದಿಯ ಮೇಲೆ ಆ ಸಂಖ್ಯೆ ಹಾಕಲೇಬೇಕು ಅಂತ 2002ರ ವೈದ್ಯರ ನಡತೆ ನಿಯಮಗಳಲ್ಲೇ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೀವೇ ನೋಡಬಹುದು. ನರ್ಸ್ ಬರುವುದೂ ತಪ್ಪಲ್ಲ, ಎಷ್ಟೋ ಕೆಲಸಕ್ಕೆ ನರ್ಸೇ ಮೇಲು. ಆದರೆ ಅವರಿಗೂ ರಾಜ್ಯದ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು, ಮತ್ತು ಯಾವ ಡಾಕ್ಟರ್ ಹೇಳಿ ಬಾಟ್ಲಿ ಹಾಕುತ್ತಿದ್ದಾರೆ ಅಂತ ಕಾಗದದ ಮೇಲೆ ಇರಬೇಕು. ನಂಬರ್ ಕೇಳಿದರೆ ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ತಗಾದೆ ಇದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಡಿಸಿ ನೇತೃತ್ವದಲ್ಲಿ ಒಂದು ಪ್ರಾಧಿಕಾರವಿದೆ, ಆರೋಗ್ಯಾಧಿಕಾರಿಯೇ ಅದರ ಕಾರ್ಯದರ್ಶಿ. ಖಾಲಿ ಬಾಟ್ಲಿ, ಶೀಶೆ ಎಸೆಯಬೇಡಿ, ಫೋಟೋ ತೆಗೆದಿಡಿ.

ಮನೆಗೆ ಡಾಕ್ಟರ್ ಬರುವುದೇ ತಪ್ಪು ಅಂತ ಯಾರೂ ತಿಳಿಯಬೇಡಿ. ಈಗ ನಮ್ಮ ಓಣಿಯಲ್ಲೇ ಇರುವ ರಿಟೈರಾದ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಸೂಜಿ ಇಲ್ಲ, ಬಾಟ್ಲಿ ಇಲ್ಲ. ಮೊದಲ ಸಲ ಬಂದಾಗ ಚಹಾ ಕುಡಿಯುವ ಮೊದಲೇ ಫೈಲ್ ಕೇಳಿದರು. ಮಾತ್ರೆಗಳನ್ನೆಲ್ಲ ತಾಟಿಗೆ ಸುರುವಿಸಿ ಒಂದೊಂದೇ ಓದಿದರು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಬಿಟ್ಟ ಮೇಲೆ ಗುಣಿ ಉಳಿಯುತ್ತದಾ ನೋಡಿದರು. ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತ ಮೇಲೆ ಒಮ್ಮೆ. ದಿನಾ ಬೆಳಗ್ಗೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ಅಲ್ಲ ನೀರು, ಕೂಡಲೇ ಫೋನ್ ಮಾಡಿ ಅಂದರು. ಹೋಗುವಾಗ ಫೈಲ್‌ನಲ್ಲಿ ತಾರೀಖು ಹಾಕಿ ನಾಲ್ಕು ಸಾಲು ಬರೆದು ಸಹಿ ಮಾಡಿದರು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ಇಂವ ಎಂಥ ಡಾಕ್ಟರ, ಒಂದು ಸೂಜಿನೂ ಮಾಡವಲ್ಲ" ಅಂತ ಪಕ್ಕದ ಮನೆಯವರ ಮುಂದೆ ದೂರುತ್ತಾರೆ.

ಹೋದ ವಾರ ಆ ಕಂಪನಿಯಿಂದಲೇ ಫೋನ್ ಬಂತು. ಹೊಸ ಹುಡುಗಿ, ಹಿಂದಿನದೇನೂ ಗೊತ್ತಿಲ್ಲ. ಅಮ್ಮನವರಿಗೆ ಬೇಸಿಗೆ ಡ್ರಿಪ್ ಪ್ಯಾಕೇಜ್ ಇದೆ ಮೇಡಂ, ಹಳೇ ಗ್ರಾಹಕರಿಗೆ ರಿಯಾಯಿತಿ ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದಿಂದ ಅತ್ತೆ ಕೇಳಿದರು, "ಯಾರವ್ವ ಅದು?"

"ಬಾಟ್ಲಿ ಬೇಕೇನು ಅಂತ ಕೇಳಾಕತ್ತಾರ್ರಿ ಅತ್ತಿ."

"ಬಾಟ್ಲಿ ಬ್ಯಾಡಂತ ಹೇಳು. ಅದರಾಗಿನ ಉಪ್ಪು ಒಂದು ಚಿಟಿಕಿ ನನ್ನ ಸಾರಿಗೆ ಹಾಕಂತ ನಿನಗ ಹೇಳಲಿ."